ಅಂತೆ ಇಲ್ಲದ ಸಂತೆ

ಜಾವಾದ ಸೋಲೋ ಊರಿನ ಆ ಸಣ್ಣ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಕುಡಿಯುವ ನೀರಿನ ಕ್ಯಾನಿಗೂ ಚಪ್ಪಲಿ ಗೂಡಿಗೂ ನಡುವಿನ ಮೂಲೆಯಲ್ಲಿ ಅಧ್ಯಾಪಕಿ ಬು ವೆನಿಂಗ್ ಒಂದು ಮೇಜು ಹಾಕಿಕೊಂಡಿದ್ದರು. ಪದವಿಯ ಪ್ರಬಂಧ ಬರೆಯುವ ಮಕ್ಕಳಿಗೆ ಯಾವ ಮಾತು ಯಾವ ಮೂಲದ್ದು, ಅದನ್ನು ಹೇಗೆ ಒಪ್ಪಿಕೊಳ್ಳಬೇಕು ಎಂದು ಕಲಿಸುವ ಮೇಜು. ಗೋಡೆಯ ಫಲಕದಲ್ಲಿ ಅದಕ್ಕೊಂದು ಗಂಭೀರವಾದ ಹೆಸರೇ ಇತ್ತು. ಮಕ್ಕಳ ಬಾಯಲ್ಲಿ ಮಾತ್ರ ಅದು ಮೂಲದ ಮೂಲೆ. ಅಲ್ಲಿಗೆ ಬಂದವರು ಯಾರೂ ಕುರ್ಚಿಯಲ್ಲಿ ಪೂರ್ತಿ ಕೂರುತ್ತಿರಲಿಲ್ಲ. ಅಂಚಿನಲ್ಲಿ, ಒಂದು ಪಕ್ಕಕ್ಕೆ ವಾಲಿ, ಮುಖ ಹಿಂಡಿಕೊಂಡು ಕೂರುತ್ತಿದ್ದರು. ದೂರದಿಂದ ನೋಡಿದವರು ಮೂಲದ ಮೂಲೆಗೆ ಬರುವವರಿಗೆಲ್ಲ ಮೂಲವ್ಯಾಧಿಯೇ ಇರಬೇಕು ಎಂದುಕೊಳ್ಳಬೇಕು, ಹಾಗೆ.

ಆ ಮಂಗಳವಾರ ಬೆಳಿಗ್ಗೆ ಬಂದ ದಾನಾರ್ ಅಂಚಿನಲ್ಲೂ ಕೂರಲಿಲ್ಲ. ಎದೆಗೆ ಪ್ರಬಂಧ ಅವುಚಿಕೊಂಡು ನಿಂತೇ ಇದ್ದ. ಅಲ್ಲಿ ಹಿರಿಯ ಹೆಂಗಸರಿಗೆ ಬು, ಗಂಡಸರಿಗೆ ಪಾಕ್, ಅಕ್ಕನಂಥವರಿಗೆ ಯು, ಹುಡುಗರಿಗೆ ಮಾಸ್ ಎನ್ನುವುದು ವಾಡಿಕೆ.

"ಕೂತ್ಕೊ, ಮಾಸ್ ದಾನಾರ್."

"ಬೇಡ ಬು. ಕೂತ್ರೆ ಅತ್ತುಬಿಡ್ತೀನಿ."

"ನಿಂತ್ಕೊಂಡು ಅಳೋದಕ್ಕಿಂತ ಕೂತ್ಕೊಂಡು ಅಳೋದು ಆರಾಮ. ಕೂತ್ಕೊ. ಏನಾಯ್ತು?"

ಆದದ್ದು ಇಷ್ಟು. ದಾನಾರ್‌ನ ಮಾರ್ಗದರ್ಶಕರಾದ ಪಾಕ್ ಸುದಿಬ್ಯೋ ಅವನ ಪ್ರಬಂಧ ಓದಿ, ಮೊದಲ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಕಳ್ಳಮಾಲು' ಎಂದು ಬರೆದು ವಾಪಸು ಕೊಟ್ಟಿದ್ದರು. ಶುಕ್ರವಾರ ಮೌಖಿಕ ಪರೀಕ್ಷೆ. ಅಷ್ಟರೊಳಗೆ ಪ್ರಬಂಧ ಶುದ್ಧವಾಗದಿದ್ದರೆ ಒಳಗೆ ಕೂರಿಸುವುದಿಲ್ಲ. ಕೂರದಿದ್ದರೆ ಅವನ ಹೆಸರೇ ಪಟ್ಟಿಯಿಂದ ಹೊರಗೆ, ಏಕೆಂದರೆ ಪದವಿ ಮುಗಿಸಲು ಕೊಡುವ ಏಳು ವರ್ಷದ ಗಡುವನ್ನು ದಾನಾರ್ ಕೊನೆಯ ಹನಿಯವರೆಗೂ ಹೀರಿ ಮುಗಿಸಿದ್ದ. ಊರ ಹೆಸರು ಸೋಲೋ ಆದರೂ ಈ ಸಲ ಸೋಲುವ ಹಾಗಿರಲಿಲ್ಲ.

"ಅಮ್ಮ ಆಗ್ಲೇ ಬಟ್ಟೆ ತಂದ್ಬಿಟ್ಟಿದಾರೆ ಬು, ನನ್ನ ಪದವಿ ಸಮಾರಂಭಕ್ಕೆ. ಒಂದೇ ಥಾನು. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಎಲ್ರಿಗೂ ಒಂದೇ ಬಣ್ಣ, ಒಂದೇ ಹೊಲಿಗೆ."

"ಹೊಲಿಗೆ ಒಂದೇ ಆದ್ರೆ ಚಂದ. ಹೋಲಿಕೆ ಒಂದೇ ಆದ್ರೇನೇ ಕಷ್ಟ."

"ಹೋಲಿಕೆ ಕಮ್ಮಿ ಇದೆ ಬು! ನೋಡಿ ಬೇಕಾದ್ರೆ!" ದಾನಾರ್ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ನಕಲು ಹಿಡಿಯುವ ಯಂತ್ರದ ವರದಿ. "ನೂರಕ್ಕೆ ಇಪ್ಪತ್ತರೊಳಗೆ ಇರ್ಬೇಕು ಅಂತ ನಿಯಮ. ನಂದು ಹತ್ತೊಂಬತ್ತು. ಮೊದ್ಲು ಅರವತ್ತೊಂದಿತ್ತು."

"ಅರವತ್ತೊಂದು ಹತ್ತೊಂಬತ್ತಕ್ಕೆ ಹೇಗಪ್ಪಾ ಇಳೀತು? ಜ್ವರಾನಾ, ಮಾತ್ರೆ ಕೊಟ್ರೆ ಇಳಿಯೋಕೆ?"

"ಇನ್ನೊಂದು ಯಂತ್ರ ಇದೆ ಬು. ಬರೆದಿದ್ದನ್ನ ಅದಕ್ಕೆ ಹಾಕಿದ್ರೆ ಪದಗಳನ್ನೆಲ್ಲ ಬದಲಾಯಿಸಿ ಕೊಡುತ್ತೆ. ಅರ್ಥ ಅದೇ, ಪದ ಬೇರೆ."

ಬು ವೆನಿಂಗ್ ಪ್ರಬಂಧ ತೆರೆದರು. ವಿಷಯ ಚೆನ್ನಾಗಿತ್ತು: ಸಂಜೆಯ ಸಂತೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಶುಂಠಿ ಕಷಾಯ, ಕರಿದ ತೋಫು, ಬಾಳೆಲೆಯಲ್ಲಿ ಕಟ್ಟಿದ ಹಿಡಿ ಅನ್ನ ಮಾರುವವರ ಬದುಕು. ಅಂಥವರಿಗೆ ಅಲ್ಲಿನ ಹೆಸರು 'ಕಾಕಿ ಲೀಮಾ', ಎಂದರೆ ಐದು ಕಾಲಿನವರು. ಗಾಡಿಯ ಗಾಲಿ ಎರಡು, ನಿಲ್ಲಿಸುವ ಊರೆ ಒಂದು, ತಳ್ಳುವವರ ಕಾಲು ಎರಡು, ಒಟ್ಟು ಐದಂತೆ. ಊರಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತಿರುವ ಈ ಹೆಸರು ಆ ಯಂತ್ರಕ್ಕೆ ಮಾತ್ರ ಗೊತ್ತಿರಲಿಲ್ಲ.

"'ಪಂಚಪಾದ ವಣಿಕರು ವೇದನಾಗೃಹದ ಸಮ್ಮುಖದಲ್ಲಿ ತಮ್ಮ ಅನ್ವೇಷಣಾ ನೇತ್ರವನ್ನು ಕಂಡುಕೊಂಡಿದ್ದಾರೆ,'" ಎಂದು ಬು ವೆನಿಂಗ್ ಗಟ್ಟಿಯಾಗಿ ಓದಿದರು. ತಿರುಗಿ ಓದಿದರು. "ಪಂಚಪಾದ ವಣಿಕ ಅಂದ್ರೆ ಏನೋ ಇದು, ಹುಳಾನಾ?"

ಷಟ್ಪದಿಗೆ ಒಂದು ಕಾಲು ಕಡಿಮೆ ಬಿದ್ದಂತಿದ್ದ ಆ ಪ್ರಾಣಿ, ಪಾಪ, ಬೀದಿ ವ್ಯಾಪಾರಿ. ವೇದನಾಗೃಹ ಎಂದರೆ ಆಸ್ಪತ್ರೆ. ಇನ್ನು ಜೀವನೋಪಾಯ ಎಂಬುದಕ್ಕೆ ಅವರ ಭಾಷೆಯಲ್ಲಿರುವ ಪದದೊಳಗೆ ಒಂದು 'ಕಣ್ಣು' ಅಡಗಿದೆ. ಅದು ಯಂತ್ರದ ಕಣ್ಣಿಗೆ ಬಿದ್ದು ನೇತ್ರವಾಗಿಬಿಟ್ಟಿತ್ತು.

"ಕದ್ದ ಸೈಕಲ್ಲಿಗೆ ಬಣ್ಣ ಬಳಿದ್ರೆ ಸೈಕಲ್ ನಿಂದಾಗುತ್ತಾ ಮಾಸ್?"

"ಇಲ್ಲ ಬು."

"ಬಣ್ಣಾನಾದ್ರೂ ಚೆನ್ನಾಗಿರಬೇಕು. ಸೀಟಿಗೂ ಬಳಿದಿದೀಯ. ಐದು ಕಾಲಿನವರ ಮೇಲೆ ಇಡೀ ಪ್ರಬಂಧ, ಹುಡುಕಿದ್ರೆ ಒಂದು ಅಡಿಟಿಪ್ಪಣಿ ಇಲ್ಲ. ಐದು ಕಾಲಿಗೆ ಒಂದು ಅಡಿಯಾದ್ರೂ ಬೇಡ್ವೇನೋ?"

ದಾನಾರ್ ಈಗ ಕೂತ. ಪೂರ್ತಿ ಕೂತ. "ನಾನು ಕದ್ದಿಲ್ಲ ಬು. ವರ್ಷಗಟ್ಟಲೆ ಅವರ ಬೆಂಚಿನ ಮೇಲೇ ಕೂತಿದೀನಿ. ನನ್ನ ಪ್ಯಾಂಟಿಗೆ ಇನ್ನೂ ಕರಿದ ಎಣ್ಣೆ ವಾಸನೆ ಇದೆ."

"ಹಾಗಾದ್ರೆ ಹೇಳು. 'ವರ್ಷಾ ಸನ್ನಿವೇಶದಲ್ಲಿ ಗ್ರಾಹಕ ಸಾಂದ್ರತೆ ಹೆಚ್ಚುವುದು.' ಇದೆಲ್ಲಿಂದ ಬಂತು?"

"ಅದಾ?" ದಾನಾರ್‌ನ ಭುಜ ಕೆಳಗಿಳಿಯಿತು, ಗದ್ದ ಮುಂದೆ ಬಂತು, ಗಂಟಲಲ್ಲಿ ಎಲ್ಲಿಂದಲೋ ಐವತ್ತು ವರ್ಷದ ಹೊಗೆ ಬಂದು ತುಂಬಿಕೊಂಡಿತು. "'ಮಳೆ ಬಂದ್ರೆ ಒಳ್ಳೇದೇ ಕಣೋ ತಮ್ಮಾ. ನನ್ ಗುಡಾರದ ಕೆಳಗೆ ಬಂದ್ ನಿಂತೋರು ಸುಮ್ನೆ ನಿಲ್ಲಕ್ಕಾಗತ್ತಾ? ನಾಚ್ಕೆಗಾದ್ರೂ ಒಂದ್ ಲೋಟ ಶುಂಠಿ ಕುಡೀತಾರೆ!'" ಮತ್ತೆ ನೆಟ್ಟಗೆ ಕೂತು, "ಯು ಜಿನೆಮ್ ಹೇಳೋದು ಬು. ಆಸ್ಪತ್ರೆ ಎದುರು ಕಷಾಯ ಮಾರ್ತಿದ್ರಲ್ಲ, ಅವರು," ಎಂದ.

ಚಪ್ಪಲಿ ಗೂಡಿನ ಹತ್ತಿರ ಬೂಟು ಕಳಚುತ್ತಿದ್ದ ಹುಡುಗಿಯೊಬ್ಬಳು ಕಷಾಯದ ಗಾಡಿ ಒಳಗೇ ಬಂತೇ ಎಂದು ತಿರುಗಿ ನೋಡಿದಳು.

ಬು ವೆನಿಂಗ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯು ಜಿನೆಮ್ ಹೇಳಿದ್ದು ಅಂತ ನಿಂಗೆ ಗೊತ್ತಲ್ಲ. ಮತ್ತೆ ಯಾಕೆ ಬರೀಲಿಲ್ಲ?"

"ಬರೆದಿದ್ದೆ ಬು! ಮೊದಲ್ನೇ ಸಲ ಬರೆದಾಗ ಎಲ್ಲಾ ಕಡೆ ಅಂತೆ ಅಂತೆ ಅಂತಾನೇ ಇತ್ತು."

ಜಾವಾ ಮಾತಿನಲ್ಲಿ 'ಜಾರೇ' ಎಂದೊಂದು ಚೋಟುದ್ದದ ಪದವಿದೆ. ನಮ್ಮ 'ಅಂತೆ'ಯ ಒಡಹುಟ್ಟು. ಹೊಣೆ ಜಾರಿಸಿಕೊಳ್ಳುವುದಕ್ಕೂ ಅದೇ ಬೇಕು, ಮಾತಿನ ಋಣ ಒಪ್ಪುವುದಕ್ಕೂ ಅದೇ ಬೇಕು. ದಾನಾರ್‌ನ ಮಾತಿನಲ್ಲಿ ಅದು ಸಾರಿಗೆ ಉಪ್ಪಿನ ಹಾಗೆ ಕರಗಿಕೊಂಡಿತ್ತು.

"ಮತ್ತೆ ಎಲ್ಲಿ ಹೋಯ್ತು ಆ ಅಂತೆ ಎಲ್ಲಾ?"

ದಾನಾರ್‌ನ ಹೊಟ್ಟೆ ಮುಂದೆ ಬಂತು, ಎರಡು ಬೆರಳು ಮೇಲೆದ್ದವು. "'ಪ್ರಬಂಧ ಅಂದ್ರೆ ಏನು? ಪ್ರಬಂಧ ಅಂದ್ರೆ ಖಚಿತವಾದ ಜ್ಞಾನ. ಅಂತೆ ಕಂತೆಗಳ ಸಂತೆ ಹೌದಾ? ಅಲ್ಲ. ತೆಗೀಬೇಕಾ? ತೆಗೀಬೇಕು.'" ಪಾಕ್ ಸುದಿಬ್ಯೋ ತಮ್ಮ ಪ್ರಶ್ನೆಗೆ ಬೇರೆಯವರು ಉತ್ತರಿಸುವವರೆಗೆ ಕಾಯುವ ಜಾತಿಯವರಲ್ಲ. "ಅದಕ್ಕೇ ಬು, ಕಂಪ್ಯೂಟರಲ್ಲಿ ಹುಡುಕು ಅಂತ ಕೊಟ್ಟು ಎಲ್ಲಾ ಅಂತೇನೂ ಅಳಿಸಿಬಿಟ್ಟೆ. ಅಂತೆ ಹೋದ್ಮೇಲೆ ಯಾರು ಹೇಳಿದ್ದು ಅನ್ನೋದು ಅರ್ಧಕ್ಕೇ ನೇತಾಡ್ತಾ ಇತ್ತು. ಅದನ್ನೂ ಅಳಿಸಿದೆ. ಪುಸ್ತಕದಿಂದ ತಗೊಂಡ ಕಡೆನೂ ಹಾಗೇ ಮಾಡಿದೆ. ಆಮೇಲೆ ನೋಡಿದ್ರೆ ಅರವತ್ತೊಂದು!"

ಬು ವೆನಿಂಗ್ ನಗು ತಡೆಯಲು ನೀರು ಕುಡಿದರು. ನೀರು ಮೂಗಿಗೆ ಹತ್ತಿತು.

"ಅಯ್ಯೋ ಪುಣ್ಯಾತ್ಮ! 'ಅಂತೆ' ತೆಗೆದು ಆ ಜಾಗದಲ್ಲಿ ಹೇಳಿದೋರ ಹೆಸರನ್ನ ಸರಿಯಾಗಿ ಹಾಕು ಅಂತ ಅವರು ಹೇಳಿದ್ದು."

"ಅದನ್ನ ಅವರು ಹೇಳ್ಲೇ ಇಲ್ವಲ್ಲ ಬು!"

"ಸಂತೆ ಬಗ್ಗೆ ಬರೀತಾ ಅಂತೆ ಎಲ್ಲಾ ಕಿತ್ತುಹಾಕಿದೀಯ. ಈಗ ಉಳಿದಿರೋದು ಬರೀ ಕಂತೆ. ಹಳೇ ಪ್ರತಿ ಇದೆಯಾ?"

"ಅದರ ಮೇಲೇ ತಿದ್ದಿದೆ ಬು. ಇಲ್ಲ."

ಬು ವೆನಿಂಗ್ ಕಂತೆಯನ್ನು ನೋಡಿದರು, ಹುಡುಗನನ್ನು ನೋಡಿದರು. ಮಳೆಯ ವಾಕ್ಯ ಬಾಯಿಗೆ ಬಂದೊಡನೆ ಅವನ ಭುಜ ತಾನಾಗಿ ಕೆಳಗಿಳಿದದ್ದು ಅವರ ತಲೆಯಲ್ಲಿ ಸುತ್ತುತ್ತಿತ್ತು.

"ಮಾಸ್, ನೀನು ಯು ಜಿನೆಮ್ ಥರ ಮಾತಾಡಿದಾಗ ಜನ ಯಾಕೆ ನಗ್ತಾರೆ?"

"ಅವರ ಥರಾನೇ ಇರುತ್ತಲ್ಲ, ಅದಕ್ಕೆ."

"ಅಂದ್ರೆ ಆ ಮಾತು ಯಾರದು ಅಂತ ಕೇಳಿದೋರಿಗೆ ಗೊತ್ತಾಗುತ್ತೆ. ಅದೇ ಮಾತನ್ನ ನಿನ್ನ ದನೀಲಿ ಹೇಳಿ, ನಂದೇ ಅಂದ್ರೆ?"

ದಾನಾರ್ ಯೋಚಿಸಿದ. "ಅದು ಮಿಮಿಕ್ರಿ ಅಲ್ಲ ಬು. ಅದು..." ಕೆಂಪು ಶಾಯಿಯ ಕಡೆ ಕಣ್ಣು ಹೋಯಿತು. "ಓಹೋ."

"ಓಹೋ ಅಲ್ಲ, ಏಳು. ಆಚೆ ಹೋಗೋಣ. ಇಲ್ಲಿ ಗಲಾಟೆ ಮಾಡಿದ್ರೆ ನನ್ನ ಮೇಜನ್ನೇ ಹೊರಗೆ ಹಾಕ್ತಾರೆ."

ಬೈಕು ನಿಲ್ಲಿಸುವ ಚಾವಣಿಯ ಕೆಳಗೆ ಕೂತರು. ಬು ವೆನಿಂಗ್ ಕೊಟ್ಟ ಕೆಲಸ ಸರಳ: ಪ್ರತಿ ವಾಕ್ಯ ಓದು, ಆದರೆ ಅದು ಯಾರಿಂದ ಬಂತೋ ಅವರ ದನಿಯಲ್ಲಿ. ದಾನಾರ್ ಓದಿದ. ಪಂಚಪಾದ ವಣಿಕ ಬಾಯಿಗೆ ಬಂದ ಕೂಡಲೇ ಯು ಜಿನೆಮ್ ಆಗಿ, "ಥೂ, ನಾನ್ಯಾವತ್ತೋ ಹಿಂಗಂದೆ?" ಎಂದು ತನಗೆ ತಾನೇ ಬೈದುಕೊಂಡು ಅಸಲು ಮಾತು ಹೇಳಿದ. ಬು ವೆನಿಂಗ್ ಅಂಚಿನಲ್ಲಿ ಹೆಸರು ಬರೆಯುತ್ತ ಹೋದರು. ತೋಫು ಮಾರುವ ಪಾಕ್ ಕ್ಲಿವೊನ್ ಮಾತು ಬಂದಾಗ ಪ್ರತಿ ವಾಕ್ಯಕ್ಕೂ ಒಂದು ಕೆಮ್ಮು. ಪುಸ್ತಕದಿಂದ ಎತ್ತಿದ ಸಾಲು ಬಂದಾಗ ಮೂಗಿನಲ್ಲಿ ಶುರುವಾಗಿ ನಡುವೆ ಗಂಟಲಿಗೆ ಇಳಿಯಿತು.

"ಇದ್ಯಾಕೆ ಎರಡು ದನಿ?"

"ಇಬ್ರು ಸೇರಿ ಬರೆದ ಪುಸ್ತಕ ಬು."

"ಅವರನ್ನ ಯಾವತ್ತಾದ್ರೂ ನೋಡಿದೀಯಾ?"

"ಇಲ್ಲ. ಆದ್ರೆ ಬರೆದಿರೋ ರೀತಿ ನೋಡಿದ್ರೆ ಮೊದಲನೇವರಿಗೆ ನೆಗಡಿ ಇರ್ಬೇಕು."

"ನೆಗಡಿ ಇರ್ಲಿ ಬಿಡ್ಲಿ, ಅವರ ಪದಗಳನ್ನ ಹಾಗ್ಹಾಗೇ ಎತ್ತಿದ ಕಡೆ ಉದ್ಧರಣ ಚಿಹ್ನೆ ಹಾಕು. ಅರ್ಥ ಮಾತ್ರ ತಗೊಂಡ್ರೆ ನಿನ್ನ ಮಾತಲ್ಲಿ ಹೇಳು, ಚಿಹ್ನೆ ಬೇಡ. ಹೆಸರು? ಎರಡು ಕಡೆನೂ ಬೇಕು."

"ಯು ಜಿನೆಮ್ ಹೆಸರು ಹೇಗೆ ಹಾಕೋದು ಬು? ಆಕರ ಪಟ್ಟಿ ಮಾಡೋ ಯಂತ್ರ ಮನೆತನದ ಹೆಸರು ಕೇಳುತ್ತೆ. ಅವರಿಗಿರೋದು ಒಂದೇ ಹೆಸರು. ಏನು ಮಾಡಿದ್ರೂ 'ಜಿನೆಮ್, ಜಿನೆಮ್' ಅಂತ ಬರುತ್ತೆ."

"ಒಂದು ಗಾಡಿಗೆ ಇಬ್ಬರು ಜಿನೆಮ್ ಆದ್ರೆ ಕಷಾಯಕ್ಕೆ ನೀರು ಜಾಸ್ತಿಯಾಗುತ್ತೆ. ಒಂದನ್ನ ಕೈಯಾರೆ ಅಳಿಸು. ಯಾವಾಗ ಮಾತಾಡಿದ್ದು, ಎಲ್ಲಿ, ಅದನ್ನ ಬರಿ. ಮುಂದೆ ಓದು."

ದಾನಾರ್‌ನ ಹೊಟ್ಟೆ ಮತ್ತೆ ಮುಂದೆ ಬಂತು. "'ಬೀದಿ ಯಾರದು? ಬೀದಿ ಎಲ್ಲರದು. ಎಲ್ಲರದು ಅಂದ್ರೆ ಏನು? ಕಾಯೋರು ಯಾರೂ ಇಲ್ಲ ಅಂತ.'"

"ಇದು ಪಾಕ್ ಸುದಿಬ್ಯೋ ಅವರದಾ?" ಬು ವೆನಿಂಗ್ ಪೆನ್ನು ನಿಂತಿತು. "ಅವರ ಮಾತನ್ನೇ ಕದ್ದು ಅವರಿಗೇ ಕೊಟ್ಟಿದೀಯಾ?"

"ಎರಡನೇ ವರ್ಷ ಕ್ಲಾಸಲ್ಲಿ ಹೇಳಿದ್ರು ಬು. ಕ್ಲಾಸಲ್ಲಿ ಕೇಳಿದ್ದಕ್ಕೂ ಹೆಸರು ಹಾಕ್ಬೇಕಾ? ಫೀಸು ಕಟ್ಟಿದೀವಲ್ಲ!"

"ಫೀಸು ಕೊಟ್ಟಿದ್ದು ಕೇಳೋದಕ್ಕೆ. ಹಾಕು ಹೆಸರು."

ಬಿಸಿಲು ಚಾವಣಿಯ ಅಂಚು ದಾಟಿ ಬೈಕುಗಳ ಸೀಟು ಕಾಯಿಸತೊಡಗಿದಾಗ ಕೊನೆಯ ಅಧ್ಯಾಯಕ್ಕೆ ಬಂದರು. ಅಲ್ಲೊಂದು ವಾಕ್ಯ. ಯಂತ್ರ ಏನೋ ಮಾಡಿಟ್ಟಿದ್ದನ್ನು ಬಿಡಿಸಿ ದಾನಾರ್ ಅಸಲನ್ನು ನೆನಪಿಸಿಕೊಂಡ: "ತಳ್ಳುಗಾಡಿಗೆ ಐದು ಕಾಲು ಎನ್ನುತ್ತಾರೆ. ಗಿರಾಕಿಯ ಎರಡು ಕಾಲನ್ನು ಯಾರೂ ಎಣಿಸಿಲ್ಲ."

ಯು ಜಿನೆಮ್ ದನಿಯಲ್ಲಿ ಓದಿದ. ವಾಕ್ಯ ಆ ದನಿಗೆ ಕೂರಲಿಲ್ಲ. ಕೆಮ್ಮು ಸೇರಿಸಿದ. ಕೂರಲಿಲ್ಲ. ಮೂಗಿನಲ್ಲಿ ಓದಿದ, ಹೊಟ್ಟೆ ಮುಂದೆ ಚಾಚಿ ಓದಿದ. ಅಳತೆ ತಪ್ಪಿದ ಅಂಗಿಯ ಹಾಗೆ ಎಲ್ಲರ ಮೈಮೇಲೂ ಅದು ಜೋತಾಡಿತು.

"ಯಾರದು ಅಂತ ನೆನಪಾಗ್ತಿಲ್ಲ ಬು."

"ಯಾರ ದನಿಗೂ ಹೊಂದ್ತಿಲ್ಲ ಅಂದ್ರೆ ಅದು ನಿಂದು."

"ನಂದಾ?" ದಾನಾರ್ ಮತ್ತೊಮ್ಮೆ ಓದಿದ. "ಇಲ್ಲ ಬು, ಚೆನ್ನಾಗಿದೆಯಲ್ಲ!"

"ಚೆನ್ನಾಗಿದ್ರೆ ನಿಂದಾಗಬಾರದಾ?"

"ಇದೊಂದಕ್ಕೆ ಹೆಸರಿಲ್ದೇ ಇದ್ರೆ ಬೋಳುಬೋಳಾಗಿ ಕಾಣುತ್ತೆ. ಯಾವುದಾದ್ರೂ ಡಚ್ಚರ ಹೆಸರು ಹಾಕಿಬಿಡ್ಲಾ? ಪಾಕ್‌ಗೆ ಡಚ್ಚರು ಅಂದ್ರೆ ಭಾರೀ ಗೌರವ."

"ಬೇರೆಯವರ ಮಾತಿಗೆ ನಿನ್ನ ಹೆಸರು ಹಾಕೋದು ಕಳ್ಳತನ. ನಿನ್ನ ಮಾತಿಗೆ ಬೇರೆಯವರ ಹೆಸರು ಹಾಕೋದು ಸುಳ್ಳು. ಕಳ್ಳನ್ನ ಓಡಿಸಿ ಸುಳ್ಳನ್ನ ಕರ್ಕೊಂಡ್ಬರ್ತೀಯಾ? ಬೋಳಾಗೇ ಇರ್ಲಿ."

ಮುಂದಿನ ಎರಡು ದಿನ ದಾನಾರ್ ಕೂತು ಪ್ರಬಂಧವನ್ನು ಯಂತ್ರದ ಬಾಯಿಂದ ಬಿಡಿಸಿ ಮನುಷ್ಯರ ಬಾಯಿಗೆ ಹಾಕಿದ. ಪುಟಗಳ ತಳದಲ್ಲಿ ಅಡಿಟಿಪ್ಪಣಿಗಳು ಮಳೆಗಾಲದ ಅಣಬೆಗಳಂತೆ ಎದ್ದವು.

ಶುಕ್ರವಾರ. ಪರೀಕ್ಷಾ ಕೋಣೆಯಲ್ಲಿ ಪಾಕ್ ಸುದಿಬ್ಯೋ, ಪಕ್ಕದಲ್ಲಿ ಎರಡನೆಯ ಪರೀಕ್ಷಕಿ ಬು ರಾತ್ಮಿನಿ. ಹಿಂದಿನ ಸಾಲಿನಲ್ಲಿ, ಬಾಯಿ ತೆರೆಯುವ ಹಕ್ಕಿಲ್ಲದೆ, ಬು ವೆನಿಂಗ್. ಎಲ್ಲ ವಿದ್ಯಾರ್ಥಿಗಳಂತೆ ದಾನಾರ್ ಪರೀಕ್ಷಕರ ಮುಂದೆ ಸುರುಳಿ ಸುತ್ತಿ ಕರಿದ ತಿಂಡಿಯ ಪೊಟ್ಟಣ ಇಟ್ಟ.

"ಇದೇನು? ಲುಂಪಿಯಾ," ಎಂದರು ಪಾಕ್ ಸುದಿಬ್ಯೋ. "ಇದೂ ಬೇರೆಯವರದಾ? ಬೇರೆಯವರದೇ ಇರ್ಬೇಕು."

"ಹೌದು ಪಾಕ್. ಮಾಡಿದೋರ ಹೆಸರು ಪೊಟ್ಟಣದ ಮೇಲಿದೆ."

ಬು ರಾತ್ಮಿನಿ ಪೊಟ್ಟಣ ತಿರುಗಿಸಿ ನೋಡಿ, ಆಕರ ಸರಿಯಾಗಿದೆ ಎಂಬಂತೆ ತಲೆಯಾಡಿಸಿ, ಒಂದನ್ನು ಬಾಯಿಗಿಟ್ಟುಕೊಂಡರು. ಪಾಕ್ ಸುದಿಬ್ಯೋ ನಗಲಿಲ್ಲ. ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು. ಒಂದು ಕಡೆ ಬೆರಳಿಟ್ಟು, "ಇದನ್ನ ಓದು," ಎಂದರು.

ಎರಡು ದಿನ ಇಡೀ ಪ್ರಬಂಧವನ್ನು ದನಿದನಿಯಾಗಿ ಓದಿದ್ದವನ ಬಾಯಿಗೆ ಅಭ್ಯಾಸ ಅಂಟಿಬಿಟ್ಟಿತ್ತು. ಎರಡು ಬೆರಳು ತಾವಾಗಿಯೇ ಎದ್ದವು. "ಬೀದಿ ಯಾರದು? ಬೀದಿ ಎಲ್ಲರದು. ಎಲ್ಲರದು ಅಂದ್ರೆ ಏನು?"

ಬು ವೆನಿಂಗ್ ಕಣ್ಣು ಮುಚ್ಚಿಕೊಂಡರು. ಹೋಯಿತು, ಎಲ್ಲ ಹೋಯಿತು.

"ನಾನು ಹೀಗೆ ಮಾತಾಡ್ತೀನಾ?" ಎಂದರು ಪಾಕ್ ಸುದಿಬ್ಯೋ. ಬಹುಶಃ ಜೀವಮಾನದಲ್ಲಿ ಮೊದಲ ಸಲ, ಉತ್ತರಕ್ಕೆ ಕಾದರು.

"ಇಲ್ಲ," ಎಂದರು ಬು ರಾತ್ಮಿನಿ, ಬಾಯಿ ಒರೆಸಿಕೊಳ್ಳುತ್ತ. "ಇಷ್ಟು ಚೆನ್ನಾಗಿ ಮಾತಾಡಲ್ಲ ನೀವು."

ಪಾಕ್ ಸುದಿಬ್ಯೋ ಕನ್ನಡಕ ಏರಿಸಿ ಪುಟದ ತಳ ನೋಡಿದರು. 'ಸುದಿಬ್ಯೋ, ತರಗತಿಯ ಉಪನ್ಯಾಸ, ಎರಡನೆಯ ವರ್ಷ.' ಅದರ ಮೇಲೆ ಅವರ ಬೆರಳು ಬೇಕಿದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಕೆಮ್ಮಿ, ಕೊನೆಯ ಅಧ್ಯಾಯಕ್ಕೆ ಹೋದರು.

"'ತಳ್ಳುಗಾಡಿಗೆ ಐದು ಕಾಲು ಎನ್ನುತ್ತಾರೆ. ಗಿರಾಕಿಯ ಎರಡು ಕಾಲನ್ನು ಯಾರೂ ಎಣಿಸಿಲ್ಲ.' ಇದಕ್ಕೆ ಅಡಿಟಿಪ್ಪಣಿ ಇದೆಯಾ? ಇಲ್ಲ. ಎಲ್ಲಾ ವಾಕ್ಯಕ್ಕೂ ಇದ್ದು ಇದಕ್ಕೆ ಮಾತ್ರ ಯಾಕಿಲ್ಲ? ಯಾರದು ಇದು?"

ದಾನಾರ್ ಬಾಯಿ ತೆರೆದ. ಭುಜ ಇಳಿಯಿತು, ಏರಿತು. ಗಂಟಲಿಗೆ ಹೊಗೆ ಬರಲಿಲ್ಲ, ಕೆಮ್ಮು ಬರಲಿಲ್ಲ.

"ನಂದಂತೆ, ಪಾಕ್."

"ಅಂತೆ?"

"ಬು ವೆನಿಂಗ್ ಹೇಳಿದ್ದು. ಖಾಸಗಿ ಮಾತುಕತೆ, ಮಂಗಳವಾರ."

ಬು ರಾತ್ಮಿನಿಗೆ ಲುಂಪಿಯಾ ನೆತ್ತಿಗೆ ಹತ್ತಿತು. ಅವರು ಚೇತರಿಸಿಕೊಳ್ಳುವವರೆಗೂ ಪಾಕ್ ಸುದಿಬ್ಯೋ ಹುಡುಗನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಸರಿ. ನಿಂದೇ ಆದ್ರೆ, ಆ ಕಾಲು ನಿಂಗೆ ಎಲ್ಲಿ ಸಿಕ್ತು ಹೇಳು. ನನ್ನ ದನಿ ಬೇಡ. ಯಾರ ದನೀನೂ ಬೇಡ."

ದಾನಾರ್ ಹೇಳಿದ. ಹೊರಬಂದ ದನಿ ತೆಳ್ಳಗಿತ್ತು, ನಡುನಡುವೆ ಒಡೆಯುತ್ತಿತ್ತು. ನಗರಸಭೆಯವರು ಒಂದು ದಿನ ಗಾಡಿಗಳನ್ನೆಲ್ಲ ಆಸ್ಪತ್ರೆಯ ಎದುರಿಂದ ಎತ್ತಿ ಕಾಲುವೆಯ ಆಚೆಗೆ ಹಾಕಿದರು. ಎಲ್ಲರಿಗೂ ಗೊತ್ತಿತ್ತು, ಬೋರ್ಡೂ ಇತ್ತು. ಆದರೂ ಮಾರನೆಯ ಸಂಜೆ ಜನ ಹಳೆಯ ಜಾಗಕ್ಕೇ ಬಂದರು. ಬರಿಯ ನೆಲ ನೋಡಿಕೊಂಡು ನಿಂತರು. ಒಬ್ಬರು ಇಲ್ಲದ ಬೆಂಚಿನ ಮೇಲೆ ಕೂರಲು ಹೋಗಿ ಬಿದ್ದರು.

"ನೀನು ಇದನ್ನ ಬರ್ಕೊಳ್ಳೋಕೆ ಅಂತ ಹೋಗಿದ್ಯಾ?"

"ಇಲ್ಲ ಪಾಕ್. ಕಷಾಯ ಕುಡಿಯೋಕೆ ಹೋಗಿದ್ದೆ. ಗಾಡಿ ಎತ್ತಿದ್ದು ನಂಗೂ ಗೊತ್ತಿತ್ತು. ನನ್ನ ಕಾಲಿಗೆ ಗೊತ್ತಿರ್ಲಿಲ್ಲ." ಸೊಂಟ ಸವರಿಕೊಂಡು, "ಬಿದ್ದಿದ್ದೂ ನಾನೇ," ಎಂದ.

ಪಾಕ್ ಸುದಿಬ್ಯೋ ಪೆನ್ನಿನ ಮುಚ್ಚಳ ತೆಗೆದರು. ಕಪ್ಪು ಶಾಯಿ.

"ಬಿದ್ದವನೇ ಬರೆದಿದಾನೆ. ಇದಕ್ಕಿಂತ ಒಳ್ಳೆ ಆಕರ ಬೇಕಾ? ಬೇಡ. ತಿದ್ದುಪಡಿ ಇದೆಯಾ? ಇದೆ, ಕಾಗುಣಿತ ಕೆಟ್ಟದಾಗಿದೆ. ಪಾಸಾ?" ಸಹಿ ಹಾಕಿ ಹಾಳೆಯನ್ನು ಬು ರಾತ್ಮಿನಿ ಕಡೆ ತಳ್ಳಿದರು. "ಪಾಸು."

ಕಾರಿಡಾರಿನಲ್ಲಿ ದಾನಾರ್ ಮನೆಗೆ ಫೋನು ಮಾಡಿದ. ಸ್ಪೀಕರಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು.

"ಅಮ್ಮಾ, ಪಾಸಾದೆ."

ಹೊಲಿಗೆ ಯಂತ್ರ ನಿಂತಿತು. "ಯಾರು ಮಾತಾಡ್ತಿರೋದು?"

"ನಾನೇ ಅಮ್ಮ, ದಾನಾರ್."

"ಸುಮ್ನಿರಪ್ಪ. ನಮ್ಮ ದಾನಾರ್ ಫೋನ್ ಮಾಡಿದ್ರೆ ಒಂದಿನ ಬ್ಯಾಂಕ್ ಮ್ಯಾನೇಜರ್ ಥರ ಇರ್ತಾನೆ, ಒಂದಿನ ಅವನ ಅತ್ತೆ ಥರ ಇರ್ತಾನೆ. ಈ ದನಿ ನಾನು ಕೇಳೇ ಇಲ್ಲ. ಫೋನ್ ಅವನ ಕೈಗೆ ಕೊಡು."

"ಅಮ್ಮಾ, ನಿಜ್ವಾಗ್ಲೂ ನಾನೇ!"

"ನೀನು ದಾನಾರೇ ಅಂತ ಹೇಳೋಕೆ ಅಲ್ಲಿ ಯಾರಾದ್ರೂ ದೊಡ್ಡೋರಿದಾರಾ?"

ದಾನಾರ್ ಫೋನನ್ನು ಬು ವೆನಿಂಗ್ ಕಡೆ ಚಾಚಿದ.

"ನೀವೇ ಹೇಳಿ ಬು. ಆಕರ ಬೇಕಂತೆ."